ಮಂಡ್ಯದಿಂದ ರಾಮನಗರಕ್ಕೆ ಅರ್ಧ ಪುಟ: ನೌಕರಿ ಮಾಡುತ್ತಾ ಕತೆ ಬರೆಯುವುದು ಹೇಗೆ

ಆರು ವರ್ಷದ ಹಿಂದೆ ಕತೆ ಬರೆಯಲೆಂದೇ 12 ದಿನ ರಜೆ ಹಾಕಿದ್ದೆ. ಮಗಳ ಪರೀಕ್ಷೆಗೂ ಅಷ್ಟು ರಜೆ ಹಾಕಿದವಳಲ್ಲ. ಹೊಸ ನೋಟ್‌ಬುಕ್ ತಂದೆ. ಮಹಡಿಯ ಕೋಣೆ ಗುಡಿಸಿ, ಮೇಜನ್ನು ಕಿಟಕಿ ಹತ್ತಿರಕ್ಕೆ ಎಳೆದುಕೊಂಡೆ. ಮೊದಲ ದಿನ ಒಂಬತ್ತಕ್ಕೆ ಕೂತವಳು ಹನ್ನೊಂದಕ್ಕೆ ಎದ್ದು ಬೀರು ಜೋಡಿಸಿದೆ. ಎರಡನೇ ದಿನ 'ರಜೇಲಿದ್ದೀಯಂತೆ' ಅಂತ ನೆಂಟರು ಬಂದರು. ರಜೆ ಮುಗಿದಾಗ ನಾಲ್ಕು ಪುಟ ಆಗಿತ್ತು. ಅದರಲ್ಲಿ ಎರಡು ಹರಿದು ಹಾಕುವಂಥವು. ಆ ರಾತ್ರಿ ತುಂಬಾ ಅಳು ಬಂತು. ಬರವಣಿಗೆ ನನ್ನ ಪಾಲಿಗಿಲ್ಲ ಅಂದುಕೊಂಡು ಒಂದು ವರ್ಷ ಪೆನ್ನು ಮುಟ್ಟಲಿಲ್ಲ.

ಆಮೇಲಿನ ಐದು ವರ್ಷದಲ್ಲಿ 14 ಕತೆ ಮುಗಿಸಿದ್ದೇನೆ. ಒಂದಕ್ಕೂ ರಜೆ ಹಾಕಿಲ್ಲ. ಅದು ಹೇಗೆ ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ಮನೆ ಮಂಡ್ಯದಲ್ಲಿ, ಶಾಖೆ ರಾಮನಗರದಲ್ಲಿ. ದಿನಾ ರೈಲಿನಲ್ಲಿ ಓಡಾಟ. ಶಾಖೆಗೆ ರೇಷ್ಮೆ ಬೆಳೆಗಾರರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ಪಿಂಚಣಿಯ ಹಿರಿಯರು ಬರುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆರೆದರೆ ಕ್ಯಾಷ್ ಟ್ಯಾಲಿ ಆಗಿ ದಿನದ ಲೆಕ್ಕ ಮುಚ್ಚುವ ಡೇ ಎಂಡ್ ಮುಗಿಯುವವರೆಗೆ ತಲೆ ಎತ್ತಲು ಆಗುವುದಿಲ್ಲ. ಮನೆಯಲ್ಲಿ ಅತ್ತೆ, ನಮ್ಮನೆಯವರು, ಪಿಯುಸಿ ಓದುವ ಮಗಳು.

ಆ ಹನ್ನೆರಡು ದಿನದಿಂದ ನಾನು ಕಲಿತದ್ದು ಇಷ್ಟು. ಒಂದು ಪುಟ ಬರೆಯಲು ಹಿಡಿಯುವ ಹೊತ್ತಿಗಿಂತ, ನಿನ್ನೆ ಬಿಟ್ಟ ಕತೆಯೊಳಕ್ಕೆ ಮತ್ತೆ ಇಳಿಯಲು ಹಿಡಿಯುವ ಹೊತ್ತು ಜಾಸ್ತಿ. ಹದಿನೈದು ದಿನ ಬಿಟ್ಟು ಕೂತರೆ ಅರ್ಧ ದಿನವೇ ಅದಕ್ಕೆ ಹೋಗುತ್ತದೆ. ಆ ಇಳಿಯುವ ಹೊತ್ತನ್ನು ಒಂದೆರಡು ನಿಮಿಷಕ್ಕೆ ತಂದುಕೊಂಡರೆ ದಿನಕ್ಕೆ ಅರ್ಧ ಗಂಟೆ ಸಾಕು. ಮುಂದೆ ಹೇಳುವುದೆಲ್ಲ ಅದಕ್ಕೆ ಬೇಕಾದ ಏರ್ಪಾಡು.

ಮೊದಲು ಒಂದು ವಾರದ ಲೆಕ್ಕ

ಒಂದು ವಾರ, ಎದ್ದಾಗಿನಿಂದ ಮಲಗುವವರೆಗೆ ಹೊತ್ತು ಎಲ್ಲಿ ಹೋಗುತ್ತದೆ ಅಂತ ಬರೆದಿಡಿ. ಅಂದಾಜು ಬೇಡ, ಗಡಿಯಾರ ನೋಡಿ. ನನ್ನ ಲೆಕ್ಕದಲ್ಲಿ ಬಂದದ್ದು ಹೀಗೆ: ಪ್ಲಾಟ್‌ಫಾರಂನಲ್ಲಿ ಕಾಯುವುದು 10 ನಿಮಿಷ, ಬೆಳಗಿನ ರೈಲು 50 ನಿಮಿಷ, ಮಧ್ಯಾಹ್ನದ ಊಟ 25 ನಿಮಿಷ, ಸಂಜೆ ರೈಲು ಹತ್ತಿರ ಹತ್ತಿರ ಒಂದು ಗಂಟೆ, ರಾತ್ರಿ ಮೊಬೈಲ್ 1 ಗಂಟೆ 10 ನಿಮಿಷ.

ಇನ್ನೊಂದು ಕಾಲಂ ಹಾಕಿ. ಆ ಹೊತ್ತಿನಲ್ಲಿ ತಲೆ ಹೇಗಿರುತ್ತದೆ ಅಂತ ಅದರಲ್ಲಿ ಬರೆಯಿರಿ. ಈ ಕಾಲಂ ಬಹಳ ಮುಖ್ಯ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ರಾತ್ರಿಯ ಮೊಬೈಲ್ ಹೊತ್ತು. ಅದನ್ನು ಕಿತ್ತು ಕತೆಗೆ ಕೊಡೋಣ ಅಂತ ಮೂರು ವಾರ ಕೂತೆ. ರಾತ್ರಿ ಹತ್ತರ ಹೊತ್ತಿಗೆ ತಲೆಯಲ್ಲಿ ವೋಚರ್‌ಗಳೇ ಓಡುತ್ತಿದ್ದವು. ಬರೆದ ವಾಕ್ಯಗಳು ಕೂಡ ಸರ್ಕ್ಯುಲರ್ ಥರ ಕಾಣುತ್ತಿದ್ದವು. ಬೆಳಗಿನ ರೈಲಿನಲ್ಲಿ ಹಾಗಲ್ಲ. ಇನ್ನೂ ಯಾರೂ ಏನೂ ಕೇಳಿರುವುದಿಲ್ಲ. ಮನೆ ಹಿಂದೆ ಬಿದ್ದಿರುತ್ತದೆ, ಬ್ಯಾಂಕು ಇನ್ನೂ ಬಂದಿರುವುದಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಏಳುವುದನ್ನೂ ಮಾಡಿ ನೋಡಿದೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಒಂದು ಚೆಕ್ಕಿನ ಮೊತ್ತವನ್ನು ತಪ್ಪಾಗಿ ಹಾಕಿದೆ. ಪಕ್ಕದ ಸಹೋದ್ಯೋಗಿ ನೋಡಿದ್ದರಿಂದ ಉಳಿದೆ. ಬೇಗ ಮಲಗಿ ಬೇಗ ಏಳುವ ಮನೆಯಾದರೆ ಸರಿ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುವವರು ನಿದ್ದೆ ಕತ್ತರಿಸಬೇಡಿ. ನಿದ್ದೆಗೆಟ್ಟರೆ ಕೆಲಸವೂ ಕೆಡುತ್ತದೆ, ಕತೆಯೂ ಕೆಡುತ್ತದೆ.

ಲೆಕ್ಕ ಮುಗಿದ ಮೇಲೆ ಒಂದೇ ಒಂದು ಹೊತ್ತು ಆರಿಸಿಕೊಳ್ಳಿ. ಎರಡು ಬೇಡ. ಬೈಕಿನಲ್ಲಿ ಹೋಗುವವರಿಗೆ ಅದು ಕಚೇರಿಯ ಪಾರ್ಕಿಂಗ್‌ನಲ್ಲಿ ಕೂತ ಕಾಲು ಗಂಟೆ ಇರಬಹುದು. ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುವ ಸಾಫ್ಟ್‌ವೇರ್‌ನವರಿಗೆ ಬೆಳಗಿನ ಕಾಫಿಯ ಹೊತ್ತು. ಶಿಫ್ಟ್ ಬದಲಾಗುವ ನರ್ಸ್‌ಗಳಿಗೆ ಗಡಿಯಾರದ ಹೊತ್ತು ಹೊಂದುವುದಿಲ್ಲ. ಅವರು 'ಶಿಫ್ಟ್‌ಗೆ ಹೊರಡುವ ಮುಂಚಿನ ಅರ್ಧ ಗಂಟೆ' ಅಂತ ಹಿಡಿದುಕೊಳ್ಳಬೇಕು. ಗಂಟೆ ಬದಲಾದರೂ ಜಾಗ ಬದಲಾಗಬಾರದು.

ರೈಲಿನಲ್ಲಿ

ಮಹಿಳಾ ಬೋಗಿಯಲ್ಲಿ ನಮ್ಮದೊಂದು ಗುಂಪಿದೆ. ಟೀಚರ್‌ಗಳು, ತಾಲ್ಲೂಕು ಕಚೇರಿಯವರು, ಗಾರ್ಮೆಂಟ್ಸ್ ಹುಡುಗಿಯರು. ಸೊಪ್ಪು ಸೋಸುತ್ತಾರೆ, ಹೂ ಕಟ್ಟುತ್ತಾರೆ, ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸುತ್ತಾರೆ. ಮಾತಂತೂ ನಿಲ್ಲುವುದೇ ಇಲ್ಲ. ಆ ಮಾತು ನನಗೆ ಇಷ್ಟ. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಅದಕ್ಕೆ ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ: 'ಬೆಳಿಗ್ಗೆ ಚನ್ನಪಟ್ಟಣ ದಾಟೋವರೆಗೂ ನನ್ನ ಮಾತಾಡಿಸ್ಬೇಡ್ರೇ. ಸಂಜೆ ಪೂರ್ತಿ ನಾನು ನಿಮ್ಮೋಳು.'

ಮೊದಲು ನಕ್ಕರು. ಎರಡು ವಾರ ಕಳೆದ ಮೇಲೆ ಹೊಸಬರೊಬ್ಬರು ನನ್ನನ್ನು ಮಾತಾಡಿಸಲು ಬಂದಾಗ, ಎದುರಿಗೆ ಹೂ ಕಟ್ಟುತ್ತಿದ್ದವಳು 'ಶ್, ಅಕ್ಕ ಬರೀತಾವ್ಳೆ ಕಣೆ' ಅಂದಳು. ಅವತ್ತಿನಿಂದ ನನ್ನ ಹೊತ್ತಿಗೆ ಕಾವಲು ಸಿಕ್ಕಿತು. ಹೇಳದೇ ಇದ್ದಿದ್ದರೆ 'ಇವಳಿಗೆ ಜಂಬ' ಅಂತ ಅಂದುಕೊಳ್ಳುತ್ತಿದ್ದರು. ಹೇಳಿ. ಜನ ನಾವು ಅಂದುಕೊಂಡದ್ದಕ್ಕಿಂತ ಒಳ್ಳೆಯವರು.

ಸಂಜೆ ನಾನೂ ಕಾಳು ಬಿಡಿಸುತ್ತೇನೆ, ಕೇಳಿಸಿಕೊಳ್ಳುತ್ತೇನೆ. ನನ್ನ ಕತೆಗಳ ಹೆಂಗಸರು ಮಾತಾಡುವ ರೀತಿ ಬಂದದ್ದು ಆ ಬೋಗಿಯಿಂದಲೇ.

ಸಾಮಾನು ಬಹಳ ಇಲ್ಲ. ಗಟ್ಟಿ ರಟ್ಟಿನ 100 ಪುಟದ ನೋಟ್‌ಬುಕ್, ಪೆನ್ಸಿಲ್, ಚಿಕ್ಕ ಶಾರ್ಪನರ್. ರೈಲಿನ ಕುಲುಕಾಟಕ್ಕೆ ಪೆನ್ನಿಗಿಂತ ಪೆನ್ಸಿಲ್ ವಾಸಿ. ಮೊಬೈಲಿನಲ್ಲಿ ಬರೆಯಲು ಹೋಗಬೇಡಿ ಅಂತಲೇ ನನ್ನ ಸಲಹೆ. ಮೂರನೇ ಸಾಲಿಗೆ ಶಾಖೆಯ ಗ್ರೂಪಿನಲ್ಲಿ 'ಮೇಡಂ, ಆ ಫೈಲ್ ಎಲ್ಲಿದೆ' ಅಂತ ಬಂದೇಬರುತ್ತದೆ. ಅದನ್ನು ಓದಿದ ಮೇಲೆ ಉತ್ತರ ಕೊಡದೆ ಇರಲು ನನ್ನಿಂದ ಆಗುವುದಿಲ್ಲ. ಮೊಬೈಲ್ ಬ್ಯಾಗಿನ ತಳದಲ್ಲಿರುತ್ತದೆ.

ಸೋಮವಾರ ಸೀಟು ಸಿಗುವುದಿಲ್ಲ. ನಿಂತುಕೊಂಡು ಬರೆಯಲು ಒದ್ದಾಡಬೇಡಿ. ಹಿಂದಿನ ಪುಟದ ಕೊನೆಯ ಐದು ಸಾಲು ಓದಿಕೊಂಡು, ಕಂಬಿ ಹಿಡಿದು, ಮುಂದಿನ ಒಂದು ವಾಕ್ಯ ಯೋಚಿಸಿ. ಒಂದು ವಾಕ್ಯ ಆದರೂ ಕತೆ ಕೈಬಿಟ್ಟು ಹೋಗಿರುವುದಿಲ್ಲ.

ದಿನಕ್ಕೆ ನನ್ನ ಗುರಿ ಅರ್ಧ ಪುಟ. ತಿಂಗಳಲ್ಲಿ 22 ದಿನ ಓಡಾಡುತ್ತೇನೆ ಅಂತಿಟ್ಟುಕೊಳ್ಳಿ. ನಿಂತ ದಿನ, ತಲೆನೋವಿನ ದಿನ ಕಳೆದು 15 ದಿನ ಬರೆದರೂ ಏಳೂವರೆ ಪುಟ. ನನ್ನ ಕತೆಗಳು ಕೈಬರಹದಲ್ಲಿ 15 ಪುಟ ಆಗುತ್ತವೆ. ಎರಡು ತಿಂಗಳಿಗೆ ಒಂದು ಕರಡು ಆಯಿತಲ್ವಾ? ಈ ಲೆಕ್ಕವನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ಧೈರ್ಯ ಹೋದಾಗ ನೋಡಿಕೊಳ್ಳುತ್ತೇನೆ.

ಹೆಪ್ಪು ಉಳಿಸುವುದು

ನನ್ನ ಅತ್ತೆ ರಾತ್ರಿ ಊಟಕ್ಕೆ ಮೊಸರು ಬಡಿಸುವಾಗ ಯಾರು ಎಷ್ಟೇ ಕೇಳಿದರೂ ತಳದಲ್ಲಿ ಎರಡು ಚಮಚ ಬಿಡುತ್ತಾರೆ. 'ಎಲ್ಲಾ ಬಡಿಸ್ಬುಟ್ರೆ ನಾಳಿಕ್ಕೆ ಹೆಪ್ಪು ಎಲ್ಲಿಂದ ತರ್ಲಿ?' ಅಂತಾರೆ. ಬರೆಯುವುದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಮಾತು.

ಮೊದಲು ನಾನು ಹೊಳೆದದ್ದನ್ನೆಲ್ಲ ಬರೆದು, ಇನ್ನೇನೂ ಇಲ್ಲ ಅನ್ನುವಾಗ ಪುಸ್ತಕ ಮುಚ್ಚುತ್ತಿದ್ದೆ. ಮರುದಿನ ಖಾಲಿ ಪಾತ್ರೆ. ಈಗ ರಾಮನಗರದ ಬಂಡೆಬೆಟ್ಟ ಕಂಡ ಕೂಡಲೇ, ಮುಂದಿನ ವಾಕ್ಯ ಗೊತ್ತಿದ್ದರೂ ನಿಲ್ಲಿಸುತ್ತೇನೆ. ಆ ವಾಕ್ಯದ ಅರ್ಧ ಮಾತ್ರ ಬರೆಯುತ್ತೇನೆ. ಅದರ ಕೆಳಗೆ ಒಂದು ಗೆರೆ ಎಳೆದು, ಮೂರು ವಿಷಯ ಗೀಚಿಡುತ್ತೇನೆ: ಯಾರು ಎಲ್ಲಿದ್ದಾರೆ, ಮನಸ್ಸಿನಲ್ಲಿ ಏನಿದೆ, ಮುಂದೆ ಏನಾಗುತ್ತದೆ. ಒಂದು ಕತೆಯ ನೋಟ್‌ಬುಕ್‌ನಿಂದ ಹಾಗೇ ಇಳಿಸುತ್ತೇನೆ:

'ಕೆಂಪಮ್ಮ ಜಗಲಿ ಮೇಲೆ. ಪಾಸ್‌ಬುಕ್ ಸೆರಗಲ್ಲಿದೆ. ಮಗನಿಗೆ ಹೇಳೋ ಮನಸ್ಸಿಲ್ಲ. ಮುಂದೆ: ಮಗ ಕೇಳ್ತಾನೆ, ಎಲ್ಲಿಗೆ ಹೋಗಿದ್ದೆ?'

ಇಷ್ಟು ಬರೆಯಲು ಎರಡು ನಿಮಿಷ. ಮರುದಿನ ಮಂಡ್ಯ ಬಿಟ್ಟು ಹನಕೆರೆ ಬರುವುದರೊಳಗೆ ನಾನು ಕೆಂಪಮ್ಮನ ಜಗಲಿಯಲ್ಲಿರುತ್ತೇನೆ. ಸಂಜೆ ಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಆ ಅರ್ಧ ವಾಕ್ಯ ಒಳಗೆ ಓಡುತ್ತಿರುತ್ತದೆ. ಕೈ ಅಡುಗೆಯಲ್ಲಿದ್ದರೂ ಕತೆ ಹೆಪ್ಪಾಗುತ್ತಿರುತ್ತದೆ.

ಇದರ ಜೊತೆಗೆ ಎರಡು ಕಟ್ಟುನಿಟ್ಟು. ಕರಡು ಮುಗಿಯುವವರೆಗೆ ಕತೆಯನ್ನು ಮೊದಲಿನಿಂದ ಓದಬಾರದು. ಓದಿದರೆ ತಿದ್ದಲು ಕೈ ಹೋಗುತ್ತದೆ, ರಾಮನಗರ ಬಂದಿರುತ್ತದೆ. ಗೊತ್ತಿಲ್ಲದ ವಿಷಯ ಬಂದರೆ ಹುಡುಕಲು ಹೋಗಬಾರದು. ಒಂದು ಸೊನ್ನೆ ಸುತ್ತಿ ಮುಂದೆ ಹೋಗಿ. ಕೇಳಿ ತಿಳಿದುಕೊಳ್ಳುವುದಕ್ಕೆ ಬೇರೆ ದಿನವಿದೆ.

ಕೌಂಟರಿನಲ್ಲಿ ಸಿಗುವ ಮಾತು

ಕೆಲಸದ ಹೊತ್ತಿನಲ್ಲಿ ಕತೆ ಬರೆಯುವುದಿಲ್ಲ. ಸಾಲಿನಲ್ಲಿ ನಿಂತವರು ತಮ್ಮ ಕೂಲಿ ಬಿಟ್ಟು ಬಂದಿರುತ್ತಾರೆ. ಆದರೆ ಕಿವಿಗೆ ಬಿದ್ದ ಮಾತು ಸಂಜೆವರೆಗೆ ಉಳಿಯುವುದಿಲ್ಲ. ಅದಕ್ಕೆ ನನ್ನ ಖಾನೆಯಲ್ಲಿ ಅಂಗೈಯಷ್ಟು ಪುಸ್ತಕವಿದೆ. ದಿನಕ್ಕೆ ಒಂದೇ ಸಾಲು.

ನವೆಂಬರ್ ಬಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಲು ಬರುತ್ತಾರೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಆದರೂ ತುಂಬಾ ಹಿರಿಯರು ಖುದ್ದಾಗಿ ಬರುತ್ತಾರೆ. ಒಬ್ಬ ಅಜ್ಜ ನನ್ನ ಎದುರು ಕೂತು, ಕೋಲನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಂಡು ಅಂದರು: 'ನಾನು ಬದ್ಕಿವ್ನಿ ಅಂತ ಬರ್ಕೊಳವ್ವ. ವರ್ಷ ವರ್ಷಾನೂ ನಾನೇ ಬಂದು ಹೇಳ್ಬೇಕಲ್ಲ.' ಅಷ್ಟನ್ನೇ ಬರೆದಿಟ್ಟುಕೊಂಡೆ. ಅದು ಕತೆಯಾಗಲು ಎರಡು ವರ್ಷ ಬೇಕಾಯಿತು.

ಇಲ್ಲಿ ಒಂದು ಎಚ್ಚರ, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಗ್ರಾಹಕರ ಗುಟ್ಟು ಕಾಪಾಡುತ್ತೇವೆ ಅಂತ ನಾವು ಕೆಲಸಕ್ಕೆ ಸೇರುವಾಗಲೇ ಬರೆದುಕೊಟ್ಟಿರುತ್ತೇವೆ. ನನ್ನ ಪುಸ್ತಕಕ್ಕೆ ಹೆಸರು, ಊರು, ಖಾತೆಯ ಹಣ, ಸಾಲದ ವಿಷಯ ಇಳಿಯುವುದಿಲ್ಲ. ಮಾತಿನ ಧಾಟಿ ಮಾತ್ರ ಇಳಿಯುತ್ತದೆ. ಕತೆ ಬರೆಯುವಾಗ ಆ ಮಾತನ್ನು ಬೇರೆ ಬದುಕಿಗೆ, ಬೇರೆ ಊರಿಗೆ ಕೊಂಡೊಯ್ಯುತ್ತೇನೆ. ಅಜ್ಜ ನನ್ನ ಕತೆಯಲ್ಲಿ ಅಜ್ಜಿಯಾದರು. ಅವರೇ ಓದಿದರೂ ತಮ್ಮದು ಅಂತ ಗೊತ್ತಾಗಬಾರದು. ಆಸ್ಪತ್ರೆಯವರು, ಶಾಲೆಯವರು, ಪೊಲೀಸರು, ವಕೀಲರು, ಎಲ್ಲರಿಗೂ ಇದೇ ಮಾತು.

ನಿಮ್ಮ ಸಂಸ್ಥೆಯ ನಡತೆ ನಿಯಮವನ್ನೂ ಒಮ್ಮೆ ಓದಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು, ಕಚೇರಿ ಕೆಲಸ ಕೆಡದಂತೆ ಆಗಾಗ ಮಾಡುವ ಸಾಹಿತ್ಯ, ಕಲೆಯ ಕೆಲಸಕ್ಕೆ ಅವಕಾಶ ಕೊಡುತ್ತವೆ. ಬೇರೆ ಕಡೆ ಬೇರೆ ಇರಬಹುದು. ಸಂಶಯವಿದ್ದರೆ ಬರಹದಲ್ಲಿ ಕೇಳಿ, ಉತ್ತರವನ್ನು ಫೈಲ್ ಮಾಡಿಡಿ. ನೌಕರಿ ಮಾಡುತ್ತಲೇ ಬರೆದವರು ನಮ್ಮಲ್ಲಿ ಕಮ್ಮಿಯಿಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿ. ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ನೌಕರರು. ಹೆದರಿ ಸುಮ್ಮನಾಗಬೇಡಿ.

ಮನೆಯಲ್ಲಿ ಕೇಳುವ ರೀತಿ

'ನನಗೆ ಬರೆಯೋಕೆ ಸ್ವಲ್ಪ ಟೈಮ್ ಬೇಕು' ಅಂತ ಮನೆಯಲ್ಲಿ ವರ್ಷಗಟ್ಟಲೆ ಹೇಳಿದೆ. ಎಲ್ಲರೂ ಹೂಂ ಅಂದರು, ಏನೂ ಬದಲಾಗಲಿಲ್ಲ. ಯಾರಿಗೂ ಕೊಡಲು ಮನಸ್ಸಿಲ್ಲ ಅಂತಲ್ಲ. 'ಸ್ವಲ್ಪ' ಅಂದರೆ ಎಷ್ಟು, ಯಾವಾಗ ಅಂತ ಯಾರಿಗೆ ಗೊತ್ತಾಗಬೇಕು?

ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದನ್ನು ಹಿಡಿದುಕೊಂಡು ಹೀಗೆ ಕೇಳಿದೆ: 'ಎರಡನೇ, ನಾಲ್ಕನೇ ಶನಿವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅಡುಗೆಮನೆ ನಂದಲ್ಲ.' ನಮ್ಮನೆಯವರು ಒಂದು ಕ್ಷಣ ನೋಡಿ, 'ಉಪ್ಪಿಟ್ಟು ಮಾಡಿದ್ರೆ ತಿಂತೀರಾ?' ಅಂದರು. ನಾಲ್ಕು ವರ್ಷದಿಂದ ಆ ಎರಡು ಶನಿವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಮಗಳು ಕಾಫಿ ತಂದಿಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಾಳೆ.

ಆ ಮೂರು ಗಂಟೆ ಹೊಸದು ಬರೆಯಲು ಅಲ್ಲ, ಇದನ್ನು ತಪ್ಪಬೇಡಿ. ಹೊಸದು ರೈಲಿನದು. ಶನಿವಾರ ಪೆನ್ಸಿಲಿನಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಏರಿಸುವುದು, ಸೊನ್ನೆ ಸುತ್ತಿದ್ದನ್ನು ತುಂಬುವುದು, ತಿದ್ದುವುದು. ನಾನು ಬರೆದದ್ದನ್ನು ಗಟ್ಟಿಯಾಗಿ ಓದಿ, ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್‌ನಿಂದ ಮೊದಲ ಪ್ರತಿ ಮಾಡಿಕೊಳ್ಳುತ್ತೇನೆ. ನಮ್ಮ ಕಡೆಯ ಆಡುಮಾತನ್ನು ಅದು ಬೇರೇನೋ ಮಾಡಿಬಿಡುತ್ತದೆ, ಕೂತು ಸರಿಮಾಡಬೇಕು. ಆದರೂ ಬಾಯಿಬಿಟ್ಟು ಓದುವಾಗ ಯಾವ ವಾಕ್ಯ ಎಡವುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮುಗಿದದ್ದನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳಿ. ಪತ್ರಿಕೆಯವರು 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಕೇಳಿದರೆ ಆಗ ಬದಲಾಯಿಸಿದರಾಯಿತು.

ಕರಡು ಮುಗಿದರೆ ಅತ್ತೆಗೆ ಓದಿ ಹೇಳುತ್ತೇನೆ. ಅವರು ಮದುವೆಯಾದಾಗಿನಿಂದ ಇಪ್ಪತ್ತೈದು ವರ್ಷ ರೇಷ್ಮೆ ಹುಳ ಸಾಕಿದವರು. ಒಂದು ಕತೆ ಕೇಳುತ್ತಾ ತಡೆದರು: 'ಹುಳ ಹಣ್ಣಾದ್ಮೇಲಲ್ವಾ ಚಂದ್ರಂಕಿಗೆ ಬುಡೋದು? ನೀನು ಮೂರ್ನೇ ಜ್ವರಕ್ಕೇ ಬುಟ್ಟಿದ್ದೀಯಲ್ಲ ಮಗ.' ಚಂದ್ರಂಕಿ ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ. ಜ್ವರ ಅಂದರೆ ಪೊರೆ ಬಿಡುವ ಮುಂಚೆ ಹುಳ ಮೇಯದೆ ಕೂರುವ ಹೊತ್ತು. ಗೂಡು ಕಟ್ಟಲು ತಯಾರಾದದ್ದೇ ಹಣ್ಣಾದ ಹುಳ. ಆ ತಪ್ಪು ಅಚ್ಚಾಗಿದ್ದರೆ ರಾಮನಗರದಲ್ಲಿ ತಲೆ ಎತ್ತಿ ತಿರುಗಲು ಆಗುತ್ತಿರಲಿಲ್ಲ. ನೀವು ಬರೆಯುವ ವಿಷಯವನ್ನು ಕೈಯಾರೆ ಮಾಡಿದವರೊಬ್ಬರು ಮನೆಯಲ್ಲೇ ಇರಬಹುದು, ನೋಡಿ.

ಕೆಲಸ ಉಕ್ಕುವ ತಿಂಗಳು

ಪ್ರತಿ ಕೆಲಸಕ್ಕೂ ಏರಿಳಿತವಿದೆ. ವರ್ಷದ ಶುರುವಿನಲ್ಲೇ ಕ್ಯಾಲೆಂಡರ್ ತೆಗೆದು ನಿಮ್ಮ ಏರಿನ ವಾರಗಳಿಗೆ ಗುರುತು ಹಾಕಿ. ನನ್ನದರಲ್ಲಿ ಮಾರ್ಚ್ ಪೂರ್ತಿ ಕೆಂಪು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ವಾರಗಳೂ ಕೆಂಪು. ನವೆಂಬರ್ ಅರ್ಧ ಕೆಂಪು. ಆಡಿಟ್ ಯಾವಾಗ ಬರುತ್ತದೋ ಆಗ. ಮಾರ್ಚ್ 31ರ ರಾತ್ರಿ ಮನೆ ಸೇರುವಾಗ ರಸ್ತೆಯಲ್ಲಿ ನಾಯಿಗಳು ಮಾತ್ರ ಇರುತ್ತವೆ. ಅಂಥ ತಿಂಗಳಲ್ಲಿ ಅರ್ಧ ಪುಟದ ಗುರಿ ಇಟ್ಟುಕೊಂಡು, ಆಗದೆ, ನನ್ನನ್ನು ನಾನೇ ಬೈದುಕೊಂಡ ವರ್ಷಗಳಿವೆ. ಅದರಿಂದ ಏಪ್ರಿಲ್ ಕೂಡ ಹಾಳಾಗುತ್ತಿತ್ತು.

ಇದಕ್ಕೂ ದಾರಿ ಸಿಕ್ಕಿದ್ದು ಅತ್ತೆಯ ಹುಳದ ಮನೆಯಿಂದ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು, ಮುಟ್ಟಿ ಕೆದಕಬಾರದು. ಪೊರೆ ಬಿಟ್ಟು ಎದ್ದ ಮೇಲೆ ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಈಗ ಫೆಬ್ರವರಿ ಕೊನೆಯೊಳಗೆ ಒಂದು ಕರಡು ಮುಗಿಸಿ, ಲಕೋಟೆಗೆ ಹಾಕಿ, ಬೀರುವಿನಲ್ಲಿ ಇಟ್ಟುಬಿಡುತ್ತೇನೆ. ಮಾರ್ಚ್‌ನಲ್ಲಿ ಅದಕ್ಕೆ ಜ್ವರ. ರೈಲಿನಲ್ಲಿ ನಿದ್ದೆ ಮಾಡುತ್ತೇನೆ. ಏಪ್ರಿಲ್ ಎರಡನೇ ಶನಿವಾರ ಲಕೋಟೆ ಬಿಚ್ಚಿದರೆ, ಬೇರೆಯವರು ಬರೆದದ್ದನ್ನು ಓದಿದ ಹಾಗಿರುತ್ತದೆ. ಬೇಡದ ಪ್ಯಾರಾ ಮೊದಲ ಓದಿನಲ್ಲೇ ಕಾಣುತ್ತದೆ. ಕಳೆದ ಏಪ್ರಿಲ್‌ನಲ್ಲಿ 16 ಪುಟದ ಕತೆ 12 ಪುಟಕ್ಕೆ ಇಳಿಯಿತು. ಇಳಿದ ಮೇಲೆಯೇ ಅದು ಕತೆಯಾಯಿತು.

ಕಳಿಸುವುದು

ದೀಪಾವಳಿ ವಿಶೇಷಾಂಕಗಳ ಕಥಾ ಸ್ಪರ್ಧೆಯ ಪ್ರಕಟಣೆ ನೋಡಿದ ಮೇಲೆ ಬರೆಯಲು ಶುರು ಮಾಡಬೇಡಿ. ನೌಕರಿಯವರಿಗೆ ಆ ಹೊತ್ತು ಸಾಲುವುದಿಲ್ಲ. ಆಷಾಢದ ಹೊತ್ತಿಗೆ ತಿದ್ದಿದ ಎರಡು ಕತೆ ಕೈಯಲ್ಲಿರಲಿ. ಪ್ರಕಟಣೆ ಬಂದಾಗ ಪದಗಳ ಮಿತಿ ನೋಡಿ, ಹೊಂದುವುದನ್ನು ಕಳಿಸಿ.

ಒಂದು ರಿಜಿಸ್ಟರ್ ಇಡಿ. ಯಾವ ಕತೆ, ಎಲ್ಲಿಗೆ, ಯಾವ ತಾರೀಕು, ಏನಾಯಿತು. ಒಂದೇ ಕತೆಯನ್ನು ಒಟ್ಟಿಗೆ ಎರಡು ಕಡೆಗೆ ಕಳಿಸಬೇಡಿ. ನನ್ನ ರಿಜಿಸ್ಟರಿನಲ್ಲಿ 14ರಲ್ಲಿ ಆರರ ಎದುರು 'ಪ್ರಕಟ' ಅಂತಿದೆ. ನಾಲ್ಕರ ಎದುರು 'ವಾಪಸ್', ಉಳಿದವುಗಳ ಎದುರು ಇನ್ನೂ ಖಾಲಿ. ವಾಪಸ್ ಬಂದದ್ದನ್ನು ಒಂದು ತಿಂಗಳು ಬೀರುವಿನಲ್ಲಿಟ್ಟು, ಮತ್ತೆ ಓದಿ, ಬೇರೆ ಕಡೆಗೆ ಕಳಿಸುತ್ತೇನೆ.

ಕಳಿಸುವ ದಿನದ ಬಗ್ಗೆ ಮಾತ್ರ ಒಂದು ಮಾತು. ಕತೆ ಹೋದ ಮೇಲೆ ಮೈ ಹಗುರವಾಗಿ, ವಾರಗಟ್ಟಲೆ ಏನೂ ಬರೆಯದೆ ಇರುವುದು ನನಗೆ ಅಭ್ಯಾಸವಾಗಿತ್ತು. ಆಮೇಲೆ ಮತ್ತೆ ಹಿಡಿಯಲು ತಿಂಗಳು ಹಿಡಿಯುತ್ತಿತ್ತು. ಈಗ ಹಳೆಯದನ್ನು ಕಳಿಸುವ ಮುಂಚೆಯೇ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಸಾಲು ಹಾಕಿಡುತ್ತೇನೆ. ಹೋದ ತಿಂಗಳು ಹಾಕಿಟ್ಟದ್ದು ಇದು: 'ಗೂಡಿನ ಮಾರ್ಕೆಟ್ಟಿನಿಂದ ಅವನು ಬರಿಗೈಲಿ ಬಂದ. ಹೆಂಡತಿ ಏನೂ ಕೇಳಲಿಲ್ಲ. ಒಲೆ ಮುಂದಿನಿಂದ ಎದ್ದು ಅವಳು'

ಮರುದಿನ ಸೀಟು ಸಿಗಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದೆ. ಮದ್ದೂರಿನಲ್ಲಿ ವಡೆ ಮಾರುವವರು ಹತ್ತುವ ಹೊತ್ತಿಗೆ, ಅವಳು ಎದ್ದು ಎಲ್ಲಿಗೆ ಹೋದಳು ಅಂತ ನನಗೆ ಗೊತ್ತಾಗಿತ್ತು.